ಯಾರಿಗೂ ಹೇಳಬೇಡಿ ಮಿಸ್

ತಿಂಗಳ ಕೊನೆಯಲ್ಲಿ ಹತ್ತನೇ ತರಗತಿಯ ಹಾಜರಿ ಪುಸ್ತಕದ ಒಟ್ಟು ಬರೆಯುತ್ತಿದ್ದಾಗ ಒಬ್ಬಳ ಹೆಸರಿನ ಸಾಲಿಗೆ ಬಂದು ನನ್ನ ಪೆನ್ನು ನಿಂತಿತು. ಎಂಟನೇ ತರಗತಿಯಿಂದ ನಮ್ಮಲ್ಲೇ ಓದುತ್ತಿದ್ದ, ಮಳೆ ಬಂದರೂ ಜಾತ್ರೆ ಬಂದರೂ ಶಾಲೆ ತಪ್ಪಿಸದ ಹುಡುಗಿ ಆ ತಿಂಗಳು ಏಳು ದಿನ ಬಂದಿರಲಿಲ್ಲ. ಬಂದ ದಿನಗಳಲ್ಲೂ ಎರಡನೇ ಅವಧಿಯ ಹೊತ್ತಿಗೆ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದಳು. ಎಬ್ಬಿಸಿ ಕೇಳಿದರೆ "ತಲೆನೋವು ಮಿಸ್" ಎನ್ನುತ್ತಿದ್ದಳು, ಅಷ್ಟೇ. ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಹುಡುಗಿಯರ ತಲೆನೋವು ಎಂದೊಡನೆ ಮೊದಲು ಹೊಳೆಯುವುದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 59.1ರಷ್ಟು ಮಂದಿಗೆ ರಕ್ತಹೀನತೆ ಇದೆ. ವಾರಕ್ಕೊಂದರಂತೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಎದುರಿಗೇ ನಿಲ್ಲಿಸಿಕೊಂಡು ನುಂಗಿಸಿದೆ, ತಿಂಡಿ ತಿಂದೇ ಶಾಲೆಗೆ ಬರಬೇಕೆಂದು ಹೇಳಿದೆ, ಕಣ್ಣು ಪರೀಕ್ಷೆಯನ್ನೂ ಮಾಡಿಸಿದೆ. ತಲೆನೋವು ಹೋಗಲಿಲ್ಲ.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನೋಟ್‌ಬುಕ್ಕುಗಳ ಕಟ್ಟನ್ನು ಸ್ಟಾಫ್ ರೂಮಿಗೆ ತಂದಿಟ್ಟವಳು ಹೋಗದೆ ಬಾಗಿಲ ಬಳಿಯೇ ನಿಂತಳು. ದಾವಣಿಯಂತೆ ಹೊದ್ದ ವೇಲಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮತ್ತೆ ಸುತ್ತುತ್ತಿದ್ದಳು. "ಏನಮ್ಮಾ?" ಎಂದೆ. "ಒಂದ್ ಮಾತು ಮಿಸ್. ಯಾರಿಗೂ ಹೇಳಬೇಡಿ" ಎಂದಳು. "ಇಲ್ಲಮ್ಮ, ಹೇಳಲ್ಲ, ಹೇಳು" ಎಂದು ನಾನು ತಕ್ಷಣ ಅಂದುಬಿಟ್ಟೆ. ಅಷ್ಟು ಸಲೀಸಾಗಿ ಕೊಟ್ಟ ಆ ಮಾತು ತಪ್ಪಾಗಿತ್ತು ಎಂದು ತಿಳಿಯಲು ನನಗೆ ಎರಡು ದಿನವೂ ಬೇಕಾಗಲಿಲ್ಲ. ಆ ತಪ್ಪು ಆಗದಂತೆ ನನ್ನನ್ನು ಯಾರೂ ಯಾವತ್ತೂ ತಯಾರು ಮಾಡಿರಲಿಲ್ಲ ಎಂಬುದೇ ಈ ಬರಹಕ್ಕೆ ಕಾರಣ.

ಅವಳು ಹೇಳಿದ್ದು ಇಷ್ಟು. ಪರೀಕ್ಷೆ ಮುಗಿದ ತಿಂಗಳಲ್ಲೇ ಸೋದರಮಾವನ ಮಗನಿಗೆ ಕೊಟ್ಟು ಮದುವೆ ಮಾಡುವುದೆಂದು ಮನೆಯಲ್ಲಿ ಮಾತಾಗಿದೆ. ಅಜ್ಜಿಗೆ ಹುಷಾರಿಲ್ಲ, ಅವರ ಕಣ್ಣ ಮುಂದೆ ಆಗಿಬಿಡಲಿ ಎಂದು ಅಪ್ಪ ಹಟ ಹಿಡಿದಿದ್ದಾರೆ. ಎರಡು ತಿಂಗಳಿನಿಂದ ಅವಳಿಗೆ ರಾತ್ರಿ ನಿದ್ದೆ ಇಲ್ಲ. "ಬೆಳಿಗ್ಗೆ ಏಳೋದೇ ಬೇಡ ಅನ್ಸುತ್ತೆ ಮಿಸ್" ಎಂದಳು.

ಈ ಕೊನೆಯ ವಾಕ್ಯದ ಮುಂದೆ ನಾನು ಬಹಳ ದಿನ ಕುಳಿತಿದ್ದೇನೆ. ನಮ್ಮ ಕನ್ನಡದಲ್ಲಿ ಅದಕ್ಕೆ ಎರಡು ಅರ್ಥ. ನಿದ್ದೆಗೆಟ್ಟವರು ಹಾಸಿಗೆ ಬಿಡಲು ಮನಸ್ಸಿಲ್ಲದೆ ಅದೇ ಮಾತು ಹೇಳುತ್ತಾರೆ, ಬದುಕೇ ಬೇಡವೆನಿಸಿದವರೂ ಅದೇ ಮಾತು ಹೇಳುತ್ತಾರೆ. ಎರಡರಲ್ಲಿ ಯಾವುದೆಂದು ತಿಳಿಯಬೇಕಾದರೆ ಬಿಡಿಸಿ ಕೇಳಲೇಬೇಕು. ಹಾಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ಮಗುವಿನ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ನನ್ನಲ್ಲಿತ್ತು, ನನ್ನ ಸಹೋದ್ಯೋಗಿಗಳಲ್ಲಿ ಈಗಲೂ ಇದೆ. ಆ ಭಯಕ್ಕೆ ಆಧಾರವಿಲ್ಲ. ಕಾಳಜಿಯಿಂದ ಕೇಳುವುದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ ಎಂದು ಮನೋವೈದ್ಯರು ಸ್ಪಷ್ಟವಾಗಿ ಹೇಳುತ್ತಾರೆ. ಎಷ್ಟೋ ಮಕ್ಕಳಿಗೆ ಆ ಪ್ರಶ್ನೆಯೇ ಬಾಯಿ ಬಿಡಲು ಸಿಗುವ ಮೊದಲ ಅವಕಾಶ. ಆವತ್ತು ನನಗೆ ಅದು ಗೊತ್ತಿರಲಿಲ್ಲ. "ಹಂಗೆಲ್ಲ ಅನ್ನಬಾರದು, ಧೈರ್ಯವಾಗಿರು" ಎಂದು ಹೇಳಿ, ತಲೆ ಸವರಿ, ಬಸ್ಸಿಗೆ ಹೊತ್ತಾಯಿತೆಂದು ಅವಳನ್ನು ಕಳುಹಿಸಿದೆ. ಭಾನುವಾರವಿಡೀ ಫೋನು ಕೈಯಲ್ಲಿ ಹಿಡಿದುಕೊಂಡು ಒದ್ದಾಡಿದೆ. ಅವಳ ಮನೆಯಲ್ಲಿರುವ ಒಂದೇ ಫೋನು ಅವಳಣ್ಣನದು.

ನಾನು ತರಬೇತಿ ಇಲ್ಲದವಳೇನಲ್ಲ. ಆಯುಷ್ಮಾನ್ ಭಾರತ್ ಅಡಿಯಲ್ಲಿ 2020ರ ಫೆಬ್ರುವರಿಯಲ್ಲಿ ಆರಂಭವಾದ ಶಾಲಾ ಆರೋಗ್ಯ ಕಾರ್ಯಕ್ರಮದ ಪ್ರಕಾರ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು, ಸಾಧ್ಯವಿದ್ದಲ್ಲಿ ಒಬ್ಬ ಪುರುಷ ಒಬ್ಬ ಮಹಿಳೆ ಎಂಬಂತೆ, ಆರೋಗ್ಯ ರಾಯಭಾರಿಗಳನ್ನಾಗಿ ಮಾಡಬೇಕು. ಅವರು ವಾರಕ್ಕೊಂದು ಅವಧಿಯಲ್ಲಿ 11 ವಿಷಯಗಳ ಬಗ್ಗೆ ಮಕ್ಕಳ ಜೊತೆ ಮಾತಾಡಬೇಕು. ಆ 11ರಲ್ಲಿ ಮಾನಸಿಕ ಆರೋಗ್ಯವೂ ಒಂದು. ನಮ್ಮ ಶಾಲೆಯಲ್ಲಿ ಮಹಿಳೆಯ ಜಾಗಕ್ಕೆ ನನ್ನ ಹೆಸರು ಬಂದದ್ದು ಇರುವ ಇಬ್ಬರು ಶಿಕ್ಷಕಿಯರಲ್ಲಿ ಇನ್ನೊಬ್ಬರು ಹೆರಿಗೆ ರಜೆಯಲ್ಲಿದ್ದ ಕಾರಣ. ಓ.ಓ.ಡಿ. ಮೇಲೆ, ಅಂದರೆ ಶಾಲೆಯ ಹೊರಗಿನ ಕರ್ತವ್ಯವೆಂದು, ಹೋಗಿ ತರಬೇತಿ ಪಡೆದೆ. ಸಂಪನ್ಮೂಲ ವ್ಯಕ್ತಿಗಳು ಶ್ರದ್ಧೆಯಿಂದಲೇ ಹೇಳಿಕೊಟ್ಟರು, ಅದನ್ನು ನಾನು ಮರೆಯುವುದಿಲ್ಲ. ಆದರೆ ಮಾನಸಿಕ ಆರೋಗ್ಯದ ಭಾಗ ಬಂದಾಗ ಸಂಜೆ ನಾಲ್ಕು ದಾಟಿತ್ತು, ಊರಿಗೆ ಬಸ್ಸು ಹಿಡಿಯಬೇಕಾದವರು ಚೀಲ ಎತ್ತಿಕೊಂಡಿದ್ದರು. ಪರದೆಯ ಮೇಲೆ ಖಿನ್ನತೆಯ ಲಕ್ಷಣಗಳು, ಆತಂಕದ ಲಕ್ಷಣಗಳು, ಒತ್ತಡ ನಿರ್ವಹಣೆಯ ವಿಧಾನಗಳು ಒಂದರ ಹಿಂದೆ ಒಂದು ಬಂದು ಹೋದವು.

ಆ ಪದಗಳನ್ನು ನಮ್ಮ ಮಕ್ಕಳು ಬಳಸುವುದಿಲ್ಲ. "ನನಗೆ ಖಿನ್ನತೆ" ಎಂದುಕೊಂಡು ಒಬ್ಬ ಹುಡುಗಿಯೂ ನನ್ನ ಬಳಿ ಬಂದಿಲ್ಲ, ಬರುವುದೂ ಇಲ್ಲ. ಅವರು ಹೇಳುವುದು ತಲೆನೋವು, ಸುಸ್ತು, ಎದೆ ಡವಡವ, ಹೊಟ್ಟೆಯಲ್ಲಿ ಏನೋ ಸಂಕಟ, ಊಟ ಸೇರಲ್ಲ, ಮನಸ್ಸಿಗೆ ಸರಿ ಇಲ್ಲ. 'ಬೇಜಾರು' ಎಂಬ ಒಂದೇ ಮಾತನ್ನು ಅವರು ಭಾನುವಾರ ಹೊತ್ತು ಹೋಗದ್ದಕ್ಕೂ ಬಳಸುತ್ತಾರೆ, ಗೆಳತಿ ಮಾತು ಬಿಟ್ಟದ್ದಕ್ಕೂ ಬಳಸುತ್ತಾರೆ, ಬದುಕು ಸಾಕೆನಿಸಿದ್ದಕ್ಕೂ ಬಳಸುತ್ತಾರೆ. ಒಂದೊಂದು ಬೇಜಾರಿನ ತೂಕ ಎಷ್ಟೆಂದು ಧ್ವನಿಯಿಂದ, ಬರವಣಿಗೆಯಿಂದ, ಬಿಸಿಯೂಟದ ತಟ್ಟೆಯಲ್ಲಿ ಉಳಿದ ಅನ್ನದಿಂದ ಗುರುತಿಸಬಲ್ಲವರು ದಿನಕ್ಕೆ ಆರೇಳು ಗಂಟೆ ಅವರ ಜೊತೆ ಇರುವ ಶಿಕ್ಷಕರೇ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇದೆಯೆಂದು ಅಂದಾಜು ಮಾಡಿತು. ಕರ್ನಾಟಕ ಆ 12 ರಾಜ್ಯಗಳಲ್ಲಿ ಇರಲಿಲ್ಲ. ಆದರೂ ಅದೇ ಲೆಕ್ಕ ಹಿಡಿದರೆ 40 ಮಕ್ಕಳಿರುವ ನನ್ನ ತರಗತಿಯಲ್ಲಿ ಸುಮಾರು ಮೂವರು. ಆ ಮೂವರು ಯಾರಿರಬಹುದೆಂದು ಹಾಜರಿ ಕೂಗುವಾಗ ಈಗ ಪ್ರತಿದಿನ ಯೋಚಿಸುತ್ತೇನೆ.

ಸೋಮವಾರ ಮುಖ್ಯ ಶಿಕ್ಷಕರಿಗೆ ವಿಷಯ ತಿಳಿಸಿದೆ. ಹುಡುಗಿಗೆ ಇನ್ನೂ 16 ತುಂಬಿರಲಿಲ್ಲ. ಬಾಲ್ಯವಿವಾಹ ನಡೆಯಲಿದೆಯೆಂದು ಗೊತ್ತಿದ್ದೂ ಸುಮ್ಮನಿರುವುದು ಸಾಧ್ಯವಿರಲಿಲ್ಲ. ಕರ್ನಾಟಕ ತನ್ನ ತಿದ್ದುಪಡಿಯ ಮೂಲಕ ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧುವೆಂದು ಸಾರಿದ ರಾಜ್ಯ. ಹಾಗಿದ್ದರೂ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾಗಿದ್ದರು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಯಿತು, ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಿಂದ ಮತ್ತು ಪೊಲೀಸ್ ಠಾಣೆಯಿಂದ ಜೀಪಿನಲ್ಲಿ ಬಂದರು, ತಂದೆತಾಯಿಯಿಂದ ಮುಚ್ಚಳಿಕೆ ಬರೆಸಿಕೊಂಡರು. ಮದುವೆ ನಿಂತಿತು. ಸರ್ಕಾರ ಆ ದಿನ ಮಾಡಿದ ಕೆಲಸಕ್ಕೆ ನಾನು ಕೃತಜ್ಞಳಾಗಿದ್ದೇನೆ.

ಜೀಪು ಬಂದದ್ದು ಮದುವೆಯ ಸಲುವಾಗಿ. ಅವಳ ನಿದ್ದೆಯ ಸಲುವಾಗಿ ಯಾರೂ ಬರಲಿಲ್ಲ. ಮರುದಿನ ಅವಳಮ್ಮ ಶಾಲೆಯ ಗೇಟಿನ ಬಳಿ ನಿಂತು "ನಿಮ್ಮನ್ನ ನಂಬಿ ಕಳಿಸ್ತಿದ್ವಲ್ಲ ಮೇಡಂ" ಎಂದು ಅತ್ತರು. ಊರಲ್ಲಿ ಮಾನ ಹೋಯಿತೆಂಬ ಸಿಟ್ಟಿನ ಭಾರವನ್ನೆಲ್ಲ ಮನೆಯೊಳಗೆ ಹುಡುಗಿಯೇ ಹೊತ್ತಳು. ಅವಳಂತೂ ಹೆಚ್ಚುಕಡಿಮೆ ಒಂದು ತಿಂಗಳು ನನ್ನ ಮುಖ ನೋಡಲಿಲ್ಲ. ಹಾಜರಿ ಕೂಗಿದರೆ ಪಕ್ಕದವಳು "ಬಂದಿದಾಳೆ ಮಿಸ್" ಎಂದು ಹೇಳುತ್ತಿದ್ದಳು. ಮಾಡಿದ ಕೆಲಸ ಸರಿ, ಮಾಡಿದ ರೀತಿ ತಪ್ಪು ಎಂಬುದನ್ನು ನಾನು ಆ ತಿಂಗಳಲ್ಲಿ ಕಲಿತೆ. ಮಾತು ಕೊಟ್ಟು ಮುರಿಯುವ ಬದಲು, ಕೊಡಬಹುದಾದಷ್ಟೇ ಮಾತನ್ನು ಮೊದಲೇ ಕೊಡಬೇಕಿತ್ತು. ಲೈಂಗಿಕ ದೌರ್ಜನ್ಯದ ವಿಷಯವಾಗಿದ್ದರಂತೂ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ವರದಿ ಮಾಡಲೇಬೇಕು, ಮಾಡದಿದ್ದರೆ ಅದೇ ಅಪರಾಧ. ಹೀಗಿರುವಾಗ "ಯಾರಿಗೂ ಹೇಳಲ್ಲ" ಎನ್ನುವ ಅಧಿಕಾರ ಶಿಕ್ಷಕಿಗೆ ಇಲ್ಲವೇ ಇಲ್ಲ. ಕಾಯ್ದೆಯ ಸೆಕ್ಷನ್ನುಗಳು ನಮ್ಮ ತರಬೇತಿಯ ಟಿಪ್ಪಣಿಯಲ್ಲಿದ್ದವು. ಬಾಗಿಲ ಬಳಿ ವೇಲು ಸುತ್ತುತ್ತ ನಿಂತ ಮಗುವಿಗೆ ಅದನ್ನು ಯಾವ ಮಾತಿನಲ್ಲಿ ಹೇಳಬೇಕೆಂಬುದು ಇರಲಿಲ್ಲ.

ಆಮೇಲೆ ತಾಯಿಯನ್ನು ಒಪ್ಪಿಸಿ ಅವಳನ್ನು ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ 10ರಿಂದ 19 ವರ್ಷದವರಿಗೆಂದೇ ಇರುವ ಕ್ಲಿನಿಕ್ಕುಗಳಿಗೆ ನಮ್ಮ ರಾಜ್ಯದಲ್ಲಿ ಈ ಒಳ್ಳೆಯ ಹೆಸರಿದೆ. ಮೊದಲ ಸಲ ಹೋದಾಗ ಆಪ್ತಸಮಾಲೋಚಕಿ ಬೇರೆ ಕೆಲಸದ ಮೇಲೆ ಹಳ್ಳಿಗೆ ಹೋಗಿದ್ದರು. ಎರಡನೇ ಸಲ ಸಿಕ್ಕರು, ಮುಕ್ಕಾಲು ಗಂಟೆ ಬಾಗಿಲು ಹಾಕಿಕೊಂಡು ಅವಳೊಬ್ಬಳೊಡನೆ ಮಾತಾಡಿದರು. ನಾನು ಮತ್ತು ಅವಳಮ್ಮ ಹೊರಗೆ ಬೆಂಚಿನ ಮೇಲೆ ಮಾತಿಲ್ಲದೆ ಕುಳಿತಿದ್ದೆವು. ಹೊರಬಂದ ಮೇಲೆ ಅವಳು ಹಸಿವಾಗುತ್ತಿದೆ ಎಂದಳು. ಆ ಮಾತು ಕೇಳಿ ಅವಳಮ್ಮ ನನ್ನ ಕೈ ಹಿಡಿದುಕೊಂಡರು.

ಸರ್ಕಾರದ ಬೆಂಬಲ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, 14416, ಹಗಲು ರಾತ್ರಿ ಕನ್ನಡದಲ್ಲೇ ಉತ್ತರಿಸುತ್ತದೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬಂದು ಹೊರರೋಗಿಗಳನ್ನು ನೋಡುವ ವ್ಯವಸ್ಥೆಯಿದೆ. ಹತ್ತನೇ ತರಗತಿ ದಾಟಿದ ಹುಡುಗಿಯರಿಗೆ, ಅದರಲ್ಲೂ ಪಿಯುಸಿ ಮುಗಿಸಿ ಮುಂದೇನೆಂದು ತಿಳಿಯದೆ ಮನೆಯಲ್ಲಿ ಉಳಿದವರಿಗೆ, ನಿಮ್ಹಾನ್ಸ್ ಮತ್ತು ರಾಜ್ಯದ ಯುವ ಸಬಲೀಕರಣ ಇಲಾಖೆ ಸೇರಿ ನಡೆಸುವ ಯುವ ಸ್ಪಂದನ ಕೇಂದ್ರಗಳಿವೆ. ಎಸ್ಸೆಸ್ಸೆಲ್ಸಿಗೆ 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂದದ್ದನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ; ನಮ್ಮ ಹುಡುಗಿ ಮೊದಲನೆಯದರಲ್ಲಿ ಗಣಿತ ಕಳೆದುಕೊಂಡು ಎರಡನೆಯದರಲ್ಲಿ ಪಾಸಾದಳು. ಹಿಂದಿನಂತೆ ಫೇಲಾದವಳು ಎಂಬ ಹೆಸರು ಹೊತ್ತು ಮನೆಯಲ್ಲಿ ಕುಳಿತಿದ್ದರೆ ನಿಂತ ಮದುವೆ ಮತ್ತೆ ಎದ್ದು ನಿಲ್ಲುತ್ತಿತ್ತು. ಇಷ್ಟೆಲ್ಲ ಇದ್ದರೂ ಒಂದು ಕೊಂಡಿ ಇಲ್ಲ. ಫೋನಿಲ್ಲದ, ಒಬ್ಬಳೇ ತಾಲ್ಲೂಕಿಗೆ ಹೋಗಲಾರದ ಹುಡುಗಿಗೂ ಈ ಎಲ್ಲ ಸೌಲಭ್ಯಗಳಿಗೂ ನಡುವೆ ಇರುವುದು ಶಾಲೆಯೊಂದೇ, ಮತ್ತು ಶಾಲೆಯಲ್ಲಿ ಆ ಕೆಲಸಕ್ಕೆ ಸಮಯವಿರುವವರು ಯಾರೂ ಇಲ್ಲ.

ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ ಉಪನ್ಯಾಸಕಿಯಾಗಿರುವ ಗೆಳತಿಯೊಬ್ಬಳು ಈ ವಿಷಯದಲ್ಲಿ ನನಗೆ ಒಂದು ಅಧ್ಯಯನ ಓದಲು ಕೊಟ್ಟಳು. ಬಿಹಾರದ ನಳಂದ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅದು. ಕಾರ್ಯಕ್ರಮದ ಹೆಸರು ಸೆಹೆರ್. ಒಂದಷ್ಟು ಶಾಲೆಗಳಲ್ಲಿ ಮಕ್ಕಳ ಮನಸ್ಸಿನ ಆರೋಗ್ಯದ ಕೆಲಸವನ್ನು ಅದಕ್ಕೆಂದೇ ನೇಮಿಸಿದ, ತರಬೇತಿ ಕೊಟ್ಟ, ಮನಶ್ಶಾಸ್ತ್ರದ ಪದವೀಧರರಲ್ಲದ ಸಾಮಾನ್ಯ ಆಪ್ತಸಮಾಲೋಚಕರು ಮಾಡಿದರು. ಇನ್ನಷ್ಟು ಶಾಲೆಗಳಲ್ಲಿ ಅದೇ ಕೆಲಸವನ್ನು ಅಲ್ಲಿನ ಶಿಕ್ಷಕರಿಗೇ ತರಬೇತಿ ಕೊಟ್ಟು ವಹಿಸಲಾಯಿತು. ಪ್ರತ್ಯೇಕ ವ್ಯಕ್ತಿ ಇದ್ದ ಶಾಲೆಗಳಲ್ಲಿ ಶಾಲೆಯ ವಾತಾವರಣ ಸುಧಾರಿಸಿತು, ಖಿನ್ನತೆಯ ಲಕ್ಷಣಗಳೂ ಮಕ್ಕಳ ನಡುವಿನ ದಬ್ಬಾಳಿಕೆಯೂ ಕಡಿಮೆಯಾದವು. ಶಿಕ್ಷಕರೇ ಮಾಡಿದ ಶಾಲೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಓದಿದ ರಾತ್ರಿ ನನಗೆ ಅವಮಾನವಾದಂತೆ ಅನಿಸಿತು. ನಾಲ್ಕಾರು ಸಲ ಓದಿದ ಮೇಲೆ ಬೇರೆ ಅನಿಸಿತು. ಮಕ್ಕಳ ವಿವರ ದಾಖಲಿಸುವ ಎಸ್.ಎ.ಟಿ.ಎಸ್. ಜಾಲತಾಣದಲ್ಲಿ ಮಾಹಿತಿ ತುಂಬುವುದು, ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ವಿದ್ಯಾರ್ಥಿವೇತನದ ಅರ್ಜಿ, ಹಿಂದುಳಿದವರನ್ನು ಪಾಸು ಮಾಡಿಸಲು ನಡೆಸುವ ಪಾಸಿಂಗ್ ಪ್ಯಾಕೇಜಿನ ವಿಶೇಷ ತರಗತಿ, ಚುನಾವಣೆ, ಗಣತಿ, ಇವೆಲ್ಲದರ ನಡುವೆ ಒಬ್ಬ ಶಿಕ್ಷಕಿ ದಿನದಲ್ಲಿ ಯಾವ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಒಂದು ಮಗುವಿನ ಮಾತು ಮುಕ್ಕಾಲು ಗಂಟೆ ಕೇಳಬೇಕು? ಅದಲ್ಲದೆ ಅಂಕ ಕೊಡುವವಳೂ ನಾನೇ, ಹೋಮ್‌ವರ್ಕ್ ಮಾಡದಿದ್ದರೆ ನಿಲ್ಲಿಸುವವಳೂ ನಾನೇ. ನನ್ನ ಮುಂದೆ ಎಲ್ಲ ಹೇಳಿಕೊಳ್ಳುವುದು ಮಗುವಿಗೂ ಸುಲಭವಲ್ಲ. ಶಿಕ್ಷಕರಿಗೆ ತರಬೇತಿ ವ್ಯರ್ಥ ಎಂಬ ಅರ್ಥವನ್ನು ನಾನು ಆ ಅಧ್ಯಯನದಿಂದ ತೆಗೆಯಲಾರೆ. ನಮ್ಮಲ್ಲೇ ನಿಮ್ಹಾನ್ಸ್ ರೂಪಿಸಿ ಶಿಕ್ಷಕರ ಮೂಲಕ ನಡೆಸಿದ ಜೀವನ ಕೌಶಲ ಶಿಕ್ಷಣದ ಬಗ್ಗೆ 2010ರಲ್ಲಿ ಪ್ರಕಟವಾದ ವರದಿಯಲ್ಲಿ ಮಕ್ಕಳ ಆತ್ಮಗೌರವವೂ ಶಿಕ್ಷಕರೊಂದಿಗೆ ಹೊಂದಿಕೊಳ್ಳುವ ಗುಣವೂ ಹೆಚ್ಚಿದ್ದು ಕಂಡಿದೆ. ಮಾನಸಿಕ ತೊಂದರೆಯ ಲಕ್ಷಣಗಳಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ನನಗೆ ಎರಡೂ ಸೇರಿ ಹೇಳುವುದು ಇದನ್ನೇ: ಮಗು ಬಾಯಿ ಬಿಡುವಂಥ ತರಗತಿಯನ್ನು ಕಟ್ಟುವುದು, ಮೊದಲು ಗಮನಿಸುವುದು, ಸರಿಯಾದ ಮೊದಲ ಮಾತು ಆಡುವುದು ನನ್ನ ಕೆಲಸ, ಅದಕ್ಕೆ ನನ್ನನ್ನು ಚೆನ್ನಾಗಿ ತಯಾರು ಮಾಡಲಿ. ಅಲ್ಲಿಂದ ಮುಂದೆ ಮಗುವಿನ ಕೈ ಹಿಡಿಯಲು ನನ್ನ ಪಕ್ಕದಲ್ಲಿ ಇನ್ನೊಬ್ಬರು ಇರಲಿ.

ಆ ಇನ್ನೊಬ್ಬರು ದೊಡ್ಡ ಪದವಿಯವರೇ ಆಗಬೇಕಿಲ್ಲ. ಯುವ ಸ್ಪಂದನದಲ್ಲಿ ಸ್ಥಳೀಯ ಯುವಕ ಯುವತಿಯರಿಗೇ ತರಬೇತಿ ಕೊಟ್ಟು ಯುವ ಪರಿವರ್ತಕರೆಂದು ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ಅಂಥ ಒಬ್ಬ ಹೆಣ್ಣುಮಗಳು ವಾರದಲ್ಲಿ ಒಂದು ನಿಗದಿತ ದಿನ ಪ್ರತಿ ಪ್ರೌಢಶಾಲೆಗೂ ಪಿಯು ಕಾಲೇಜಿಗೂ ಬರುವಂತಾದರೆ ಅರ್ಧ ದಾರಿ ಸವೆದಂತೆ. ಸುಪ್ರೀಂ ಕೋರ್ಟ್ ಇದಕ್ಕಿಂತ ಮುಂದೆ ಹೋಗಿದೆ. ನೀಟ್ ತಯಾರಿಗೆಂದು ವಿಶಾಖಪಟ್ಟಣದಲ್ಲಿ ಓದುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ 2025ರ ಜುಲೈ 25ರಂದು ನೀಡಿದ ತೀರ್ಪಿನಲ್ಲಿ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಆಪ್ತಸಮಾಲೋಚಕರನ್ನು ನೇಮಿಸಬೇಕು, ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಳ್ಳಬೇಕು, ಬೋಧಕರಿಗೂ ಬೋಧಕೇತರರಿಗೂ ವರ್ಷಕ್ಕೆ ಕನಿಷ್ಠ ಎರಡು ಸಲ ತಜ್ಞರಿಂದ ತರಬೇತಿ ಕೊಡಿಸಬೇಕು ಎಂದು ಹೇಳಿತು. ಬೋಧಕೇತರರನ್ನು ಸೇರಿಸಿದ್ದು ನನಗೆ ಬಹಳ ಹಿಡಿಸಿತು. ಯಾವ ಹುಡುಗಿ ಎಷ್ಟು ದಿನದಿಂದ ಊಟ ಬಿಟ್ಟಿದ್ದಾಳೆಂದು ನಮ್ಮ ಬಿಸಿಯೂಟದ ಅಕ್ಕನಿಗೆ ನನಗಿಂತ ಮೊದಲೇ ಗೊತ್ತಿರುತ್ತದೆ.

ವರ್ಷಕ್ಕೆ ಎರಡು ಸಲ ಎಂಬುದರ ಬಗ್ಗೆ ಒಂದು ಮಾತು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸಿ ಔಷಧ ಕೊಡಲು ಕಲಿಸಿತು. ಅಲ್ಲಿಗೇ ಬಿಡದೆ ಜಿಲ್ಲಾ ಕೇಂದ್ರದಲ್ಲಿ ಒಂದು ತಂಡವನ್ನಿಟ್ಟು ಅವರ ಕೆಲಸವನ್ನು ಪರಿಶೀಲಿಸುತ್ತ, ಕಷ್ಟದ ಪ್ರಕರಣಗಳಲ್ಲಿ ಜೊತೆಗೆ ನಿಂತಿತು. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಶಿಕ್ಷಕರಿಗೂ ಬೇಕಿರುವುದು ಅದೇ. ತರಬೇತಿ ಮುಗಿದ ಎರಡು ತಿಂಗಳ ಮೇಲೆ ಒಂದು ಕಷ್ಟ ಎದುರಾದಾಗ ಯಾರಿಗೆ ಫೋನು ಮಾಡಲಿ ಎಂಬ ಪ್ರಶ್ನೆಗೆ ಒಂದು ಹೆಸರು, ಒಂದು ನಂಬರು ಇರಬೇಕು. ಹೊಸ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆಗಳ ವೃತ್ತಿಪರ ಅಭಿವೃದ್ಧಿಯನ್ನು ನಿರೀಕ್ಷಿಸುತ್ತದೆ. ದೀಕ್ಷಾ ಆ್ಯಪಿನಲ್ಲಿ ವಿಡಿಯೊ ನೋಡಿ, ಪ್ರಶ್ನೆಗಳಿಗೆ ಉತ್ತರಿಸಿ, ಪ್ರಮಾಣಪತ್ರ ಪಡೆಯುವುದರಲ್ಲೇ ಅದರ ದೊಡ್ಡ ಪಾಲು ಮುಗಿಯುತ್ತದೆ. ವಿಷಯ ತಿಳಿಯಲು ಅದು ಸಾಕು. ಆದರೆ ಅಳುವ ಮಗುವಿನ ಮುಂದೆ ಕುಳಿತುಕೊಳ್ಳುವುದನ್ನು ಪರದೆ ನೋಡಿ ಕಲಿಯಲಾಗುವುದಿಲ್ಲ. ಆ 50ರಲ್ಲಿ ಹತ್ತು ಗಂಟೆಯನ್ನಾದರೂ ನಮ್ಮ ತಾಲ್ಲೂಕಿನ ಸ್ನೇಹ ಕ್ಲಿನಿಕ್ಕಿನ ಸಮಾಲೋಚಕಿಯ ಜೊತೆ, ನಮ್ಮದೇ ಶಾಲೆಗಳಲ್ಲಿ ನಡೆದ ಸಂಗತಿಗಳನ್ನು ಹೆಸರು ಬಿಟ್ಟು ಮುಂದಿಟ್ಟುಕೊಂಡು, ಕಳೆಯುವಂತಾಗಲಿ. ಮತ್ತೆ ಆ ಭಾನುವಾರ ನನಗೂ ನಿದ್ದೆ ಇರಲಿಲ್ಲ ಎಂಬುದನ್ನೂ ಯಾರಾದರೂ ಕೇಳಲಿ. ಮಕ್ಕಳ ದುಃಖ ಕೇಳಿ ಮನೆಗೆ ಹೋಗುವ ಶಿಕ್ಷಕಿಯ ಮನಸ್ಸಿಗೆ ಏನಾಗುತ್ತದೆ ಎಂಬ ಪಾಠ ನಾನು ಪಡೆದ ಯಾವ ತರಬೇತಿಯಲ್ಲೂ ಇರಲಿಲ್ಲ. 14416ಕ್ಕೆ ನಾನೇ ಒಂದು ಸಲ ಕರೆ ಮಾಡಿದ್ದೇನೆ, ನನಗಾಗಿ.

ಈ ವರ್ಷ ನಮ್ಮ ಕ್ಲಸ್ಟರಿನ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನ, ಸಮಾಲೋಚನಾ ಸಭೆಯಲ್ಲಿ ಅದನ್ನು ನೋಡಿಕೊಳ್ಳುವ ಸಿ.ಆರ್.ಪಿ.ಯವರು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ನನಗೆ ಅರ್ಧ ಗಂಟೆ ಕೊಟ್ಟರು. ಸ್ನೇಹ ಕ್ಲಿನಿಕ್ಕಿನ ಸಮಾಲೋಚಕಿ ಹೇಳಿಕೊಟ್ಟ ಎರಡು ಮಾತುಗಳನ್ನು ಬೋರ್ಡಿನ ಮೇಲೆ ಬರೆದೆ. ಮೊದಲನೆಯದು: "ನೀನು ಹೇಳಿದ್ದನ್ನ ಊರಿಗೆಲ್ಲ ಹೇಳಲ್ಲ. ನಿನಗೆ ಅಪಾಯ ಇದೆ ಅಂತ ಅನ್ನಿಸಿದ್ರೆ ಮಾತ್ರ ಸಹಾಯ ಮಾಡೋರಿಗೆ ಹೇಳ್ತೀನಿ, ಹೇಳೋಕೆ ಮುಂಚೆ ನಿನಗೆ ತಿಳಿಸ್ತೀನಿ." ಎರಡನೆಯದು: "ಬದುಕೋದೇ ಬೇಡ ಅಂತ ಅನ್ನಿಸ್ತಿದೆಯಾ ಮಗಳೇ?" ಎಲ್ಲರೂ ಇಬ್ಬಿಬ್ಬರಾಗಿ ಎದುರುಬದುರು ಕುಳಿತು ಒಬ್ಬರು ಮಗುವಾಗಿ, ಒಬ್ಬರು ಶಿಕ್ಷಕರಾಗಿ ಆ ಮಾತುಗಳನ್ನು ಬಾಯಿಬಿಟ್ಟು ಹೇಳಬೇಕೆಂದು ಕೇಳಿಕೊಂಡೆ. ಮೊದಲ ಮಾತು ಎಲ್ಲರಿಗೂ ಬಂತು. ಎರಡನೆಯದಕ್ಕೆ ಕೋಣೆ ಸುಮ್ಮನಾಯಿತು. ನಿವೃತ್ತಿಗೆ ಹತ್ತಿರವಿರುವ, ಗಣಿತ ಕಲಿಸುವ ಒಬ್ಬ ಮೇಷ್ಟ್ರಿಗೆ ಮೂರು ಸಲವೂ 'ಬದುಕೋದೇ' ಎಂಬಲ್ಲಿಗೆ ಬಂದು ಗಂಟಲು ಕಟ್ಟಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ನೀರು ಕುಡಿದರು, ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು. ನಾಲ್ಕನೇ ಸಲ ಪೂರ್ತಿ ಹೇಳಿದರು.